ಲಿನಕ್ಸ್, ಬಿಎಸ್‌ಡಿ ಬಾಕ್ಸ್‌ಗೆ ಯಾವ ಡಿಸ್ಕ್ ಕಂಟ್ರೋಲರ್? ಎಸ್.ಪಿ. ರೋಡಿಗೆ ಹೋಗುವ ಮುಂಚೆ ಓದಿಕೊಳ್ಳಿ

ಬೆಂಗಳೂರಿನಲ್ಲಿ ಸ್ವಂತ ಸ್ಟೋರೇಜ್ ಕಟ್ಟಿಕೊಳ್ಳುವವರು ಈಗ ಎಲ್ಲ ಬಡಾವಣೆಯಲ್ಲೂ ಸಿಗುತ್ತಾರೆ. ಮದುವೆ ಸೀಸನ್ ಬಂದರೆ ಟೆರಾಬೈಟ್‌ಗಟ್ಟಲೆ ವಿಡಿಯೋ ತುಂಬಿಸುವ ಸ್ಟುಡಿಯೋದವರು, ಹಳೇ ಕನ್ನಡ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಜೋಪಾನವಾಗಿ ಇಡುವವರು, ಮನೆಯಲ್ಲೇ ಟ್ರೂನ್ಯಾಸ್ ಅಥವಾ ಡೆಬಿಯನ್ ಥರದ ಓಪನ್ ಸೋರ್ಸ್ ಸಿಸ್ಟಮ್ ಹಾಕಿಕೊಂಡ ಐಟಿ ಹುಡುಗರು. ಇವರೆಲ್ಲ ಡಿಸ್ಕ್ ಯಾವುದು, ರ್ಯಾಮ್ ಎಷ್ಟು ಅಂತ ವಾರಗಟ್ಟಲೆ ಯೋಚಿಸುತ್ತಾರೆ. ಆ ಡಿಸ್ಕುಗಳನ್ನೆಲ್ಲ ಮದರ್‌ಬೋರ್ಡಿಗೆ ಸೇರಿಸುವ ಕಂಟ್ರೋಲರ್ ಬಗ್ಗೆ ಮಾತ್ರ ಕೊನೇ ಗಳಿಗೆಯಲ್ಲಿ ನೆನಪಾಗುತ್ತದೆ. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ‘ಯಾವುದಾದ್ರೂ ಒಂದು ಸಾಟಾ ಕಾರ್ಡ್ ಕೊಡಿ’ ಅಂತ ಕೇಳಿ ತಂದುಬಿಡುತ್ತಾರೆ.

ಎಲ್ಲ ಡಿಸ್ಕುಗಳೂ ಒಟ್ಟಿಗೆ ಮಾಯವಾಗುವುದು ಈ ಒಂದು ಭಾಗ ಕೈಕೊಟ್ಟಾಗಲೇ. ಹಾಗಾಗಿ ಇದನ್ನು ಮೊದಲೇ ಯೋಚಿಸೋಣ. ಓಪನ್ ಸೋರ್ಸ್ ಸಿಸ್ಟಮ್‌ಗೆ ತಾನೇ ಎಲ್ಲ ನಿರ್ಧಾರ ಮಾಡುವ ಕಾರ್ಡ್ ಬೇಕಾಗಿಲ್ಲ. ಡಿಸ್ಕ್ ಏನು ಹೇಳುತ್ತದೋ ಅದನ್ನು ಹಾಗೇ ದಾಟಿಸುವ, ಡ್ರೈವರ್ ಕೋಡ್ ಎಲ್ಲರ ಕಣ್ಣಿಗೂ ಕಾಣುವ ಕಾರ್ಡ್ ಸಾಕು. ಕೆಳಗಿನದೆಲ್ಲ ಅಂಥ ಕಾರ್ಡನ್ನು ಹುಡುಕಿ, ತಂದು, ಹಾಕಿ, ಪರೀಕ್ಷೆ ಮಾಡುವ ಬಗೆ.

ಹೆಜ್ಜೆ 1: ಕಾರ್ಡ್ ಬೇಕೇ ಬೇಕಾ ನೋಡಿ

ನಿಮ್ಮ ಮದರ್‌ಬೋರ್ಡಿನಲ್ಲಿ 4 ಅಥವಾ 6 ಸಾಟಾ ಪೋರ್ಟ್, ಅಂದರೆ ಡಿಸ್ಕ್ ಕೇಬಲ್ ಚುಚ್ಚುವ ಜಾಗ, ಇರಬಹುದು. ಅವು ಎಎಚ್‌ಸಿಐ ಎಂಬ ಸಾಮಾನ್ಯ ಪದ್ಧತಿಯಲ್ಲಿ ಕೆಲಸ ಮಾಡುತ್ತವೆ. ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಮೂರರಲ್ಲೂ ಇದರ ಡ್ರೈವರ್ ವರ್ಷಗಳಿಂದ ಗಟ್ಟಿಯಾಗಿ ನಿಂತಿದೆ. ನಿಮಗೆ ಬೇಕಾಗಿರುವುದು 4 ಡಿಸ್ಕ್ ಮಾತ್ರ ಅಂದರೆ ದುಡ್ಡು ಖರ್ಚು ಮಾಡಬೇಡಿ. ಬೋರ್ಡಿನ ಪೋರ್ಟುಗಳೇ ಒಳ್ಳೆಯವು.

ಇಲ್ಲಿ ಎರಡು ವಿಷಯ ನೋಡಿಕೊಳ್ಳಿ. ಎಷ್ಟೋ ಬೋರ್ಡುಗಳಲ್ಲಿ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದ ತಕ್ಷಣ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಯಾವ ಸ್ಲಾಟಿಗೆ ಯಾವ ಪೋರ್ಟ್ ಹೋಗುತ್ತದೆ ಅಂತ ಬೋರ್ಡಿನ ಮ್ಯಾನುಯಲ್‌ನಲ್ಲಿ ಒಂದು ಪಟ್ಟಿ ಇರುತ್ತದೆ. ಇನ್ನೊಂದು, ಬಯೋಸ್‌ನಲ್ಲಿ ಸಾಟಾ ಮೋಡ್ ‘ರೇಡ್’ ಅಥವಾ ಇಂಟೆಲ್‌ನ ‘ಆರ್‌ಎಸ್‌ಟಿ’ ಅಂತ ಇದ್ದರೆ ‘ಎಎಚ್‌ಸಿಐ’ ಮಾಡಿ. ಹೊಸ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಉಬುಂಟು ಹಾಕಲು ಹೋದಾಗ ಡಿಸ್ಕೇ ಕಾಣಿಸದಿರಲು ಬಹಳ ಸಲ ಇದೇ ಕಾರಣ. ಅಲ್ಲಿ ‘ವಿಎಂಡಿ’ ಎಂಬ ಹೆಸರಿನಲ್ಲೂ ಈ ಸ್ವಿಚ್ ಇರುತ್ತದೆ. ಅದೇ ಮಷಿನ್ನಿನಲ್ಲಿ ವಿಂಡೋಸ್ ಇದ್ದರೆ ಸುಮ್ನೆ ಬದಲಾಯಿಸಬೇಡಿ, ವಿಂಡೋಸ್ ಬೂಟ್ ಆಗುವುದು ನಿಂತುಹೋಗಬಹುದು. ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿ, ಆಮೇಲೆ ಬದಲಾಯಿಸಿ.

ಯುಎಸ್‌ಬಿ ಡಬ್ಬಿಯಲ್ಲಿ ನಾಲ್ಕು ಡಿಸ್ಕ್ ಹಾಕಿ ಒಂದೇ ಕೇಬಲ್ಲಿನಲ್ಲಿ ಜೋಡಿಸುವ ಐಡಿಯಾ ಬಂದಿದ್ದರೆ ಕೈಬಿಡಿ. ಬ್ಯಾಕಪ್ ಪ್ರತಿಗೆ ಪರವಾಗಿಲ್ಲ, ಯಾವಾಗಲೂ ಓಡುವ ಪೂಲ್‌ಗೆ (ಹಲವು ಡಿಸ್ಕ್ ಸೇರಿಸಿ ಕಟ್ಟಿದ ಸ್ಟೋರೇಜ್‌ಗೆ) ಬೇಡ.

ಹೆಜ್ಜೆ 2: ರೇಡ್ ಕಾರ್ಡಾ, ಎಚ್‌ಬಿಎನಾ?

ಇದೇ ಮುಖ್ಯ ತೀರ್ಮಾನ. ಇದನ್ನು ಸರಿಯಾಗಿ ತಗೊಂಡರೆ ಮುಂದಿನ ತಲೆನೋವು ಅರ್ಧ ಕಡಿಮೆ.

ರೇಡ್ ಕಾರ್ಡ್ ಎಂಟು ಡಿಸ್ಕುಗಳನ್ನು ತಾನೇ ಸೇರಿಸಿ, ಆಪರೇಟಿಂಗ್ ಸಿಸ್ಟಮ್‌ಗೆ ಒಂದೇ ದೊಡ್ಡ ಡಿಸ್ಕ್ ಅಂತ ತೋರಿಸುತ್ತದೆ. ಎಚ್‌ಬಿಎ, ಅಂದರೆ ಹೋಸ್ಟ್ ಬಸ್ ಅಡಾಪ್ಟರ್, ಎಂಟನ್ನೂ ಬೇರೆಬೇರೆಯಾಗಿ, ಇದ್ದಹಾಗೇ ತೋರಿಸುತ್ತದೆ. ಝಡ್‌ಎಫ್‌ಎಸ್, ಅಂದರೆ ಡಿಸ್ಕುಗಳನ್ನು ತಾನೇ ಸೇರಿಸಿ ನೋಡಿಕೊಳ್ಳುವ ಫೈಲ್ ಸಿಸ್ಟಮ್, ಬಳಸುವವರಿಗೆ ಎರಡನೆಯದೇ ಬೇಕು. ಝಡ್‌ಎಫ್‌ಎಸ್ ಪ್ರತಿ ಬ್ಲಾಕಿಗೂ ಚೆಕ್‌ಸಮ್, ಅಂದರೆ ಡೇಟಾ ಸರಿ ಇದೆಯಾ ಅಂತ ತಾಳೆ ನೋಡುವ ಸಂಖ್ಯೆ, ಇಟ್ಟಿರುತ್ತದೆ. ಒಂದು ಡಿಸ್ಕ್ ತಪ್ಪು ಡೇಟಾ ಕೊಟ್ಟರೆ ಇನ್ನೊಂದರಿಂದ ಸರಿಯಾದದ್ದನ್ನು ತಂದು ರಿಪೇರಿ ಮಾಡುತ್ತದೆ. ನಡುವೆ ರೇಡ್ ಕಾರ್ಡ್ ಕೂತು ಒಂದೇ ಡಿಸ್ಕ್ ತೋರಿಸಿದರೆ, ತಪ್ಪು ಅಂತ ಗೊತ್ತಾದರೂ ಸರಿ ಮಾಡಲು ಇನ್ನೊಂದು ಪ್ರತಿ ಅದರ ಕೈಗೆ ಸಿಗುವುದಿಲ್ಲ.

ಬರೆಯುವಾಗಲೂ ತೊಂದರೆ ಇದೆ. ಸಿಸ್ಟಮ್ ‘ಇದನ್ನು ಡಿಸ್ಕಿಗೆ ಬರೆದುಬಿಡು’ ಅಂತ ಹೇಳಿದಾಗ ರೇಡ್ ಕಾರ್ಡ್ ತನ್ನ ಕ್ಯಾಶ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಂಡು ‘ಆಯ್ತು’ ಅನ್ನಬಹುದು. ಕಾರ್ಡಿನ ಬ್ಯಾಟರಿ ಚೆನ್ನಾಗಿದ್ದರೆ ಸರಿ. ಸೆಕೆಂಡ್ ಹ್ಯಾಂಡ್ ಕಾರ್ಡಿನ ಬ್ಯಾಟರಿ ಸತ್ತು ಎಷ್ಟು ಕಾಲ ಆಗಿರುತ್ತದೋ ಯಾರಿಗೆ ಗೊತ್ತು? ಬ್ಯಾಟರಿ ಸತ್ತರೆ ಒಳ್ಳೆಯ ಕಾರ್ಡುಗಳು ತಾವಾಗಿಯೇ ಕ್ಯಾಶ್ ಬಿಟ್ಟು ನೇರ ಬರೆಯಲು ಶುರುಮಾಡುತ್ತವೆ, ಆಗ ವೇಗ ಧಡಕ್ಕನೆ ಬೀಳುತ್ತದೆ. ಯಾರಾದರೂ ವೇಗಕ್ಕೋಸ್ಕರ ಸೆಟ್ಟಿಂಗ್ ಬದಲಾಯಿಸಿ ಬ್ಯಾಟರಿ ಇಲ್ಲದೆಯೂ ಕ್ಯಾಶ್ ಓಡುವಂತೆ ಮಾಡಿದ್ದರೆ, ಮಳೆಗಾಲದ ಸಂಜೆ ಕರೆಂಟ್ ಹೋದಾಗ ಕ್ಯಾಶ್‌ನಲ್ಲಿದ್ದದ್ದೆಲ್ಲ ಹೋಯ್ತು ಅಂತಲೇ ಅರ್ಥ.

‘ಪ್ರತಿ ಡಿಸ್ಕನ್ನೂ ಒಂದೊಂದು ರೇಡ್ 0 ಮಾಡಿಬಿಟ್ಟರೆ ಆಯ್ತಲ್ವಾ’ ಅಂತ ಸಲಹೆ ಕೊಡುವವರು ಇದ್ದಾರೆ. ಅಂದರೆ ರೇಡ್ ಕಾರ್ಡಿನಲ್ಲೇ ಒಂದೊಂದು ಡಿಸ್ಕಿನ ಅರೇ (ಡಿಸ್ಕ್ ಗುಂಪು) ಮಾಡುವುದು. ಎಚ್‌ಪಿಯ ಪಿ410 ಥರದ ಹಳೇ ಕಾರ್ಡುಗಳಲ್ಲಿ ಎಚ್‌ಬಿಎ ಮೋಡೇ ಇಲ್ಲದ್ದರಿಂದ ಹುಟ್ಟಿಕೊಂಡ ಉಪಾಯ ಇದು. ಡಿಸ್ಕಿನ ಮೇಲೆ ಕಾರ್ಡು ತನ್ನದೇ ಗುರುತು ಬರೆದಿರುತ್ತದೆ. ಕಾರ್ಡ್ ಕೆಟ್ಟರೆ ಅದೇ ಜಾತಿಯ ಇನ್ನೊಂದು ಕಾರ್ಡ್ ಹುಡುಕಬೇಕು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಸ್ಮಾರ್ಟ್ ಮಾಹಿತಿಯೂ ನೇರವಾಗಿ ಸಿಗುವುದಿಲ್ಲ. ಮೆಗಾರೇಡ್ ಎಂಬ ರೇಡ್ ಕಾರ್ಡುಗಳ ಹಿಂದಿನ ಡಿಸ್ಕನ್ನು ನೋಡಲು, ಆ ಮಾಹಿತಿ ಓದುವ ಸ್ಮಾರ್ಟ್‌ಸಿಟಿಎಲ್ ಕಮಾಂಡಿಗೆ ಬೇರೆ ಆಯ್ಕೆ ಕೊಟ್ಟು, ಡಿಸ್ಕ್ ನಂಬರ್ ಹೇಳಿ ಕೇಳಬೇಕು. ನನ್ನ ಮಾತು ಕೇಳುವುದಾದರೆ ಈ ದಾರಿ ಹಿಡಿಯಬೇಡಿ.

ರೇಡ್ ಕಾರ್ಡ್ ಎಲ್ಲೂ ಬೇಡ ಅಂತ ಹೇಳುತ್ತಿಲ್ಲ. ಓಪನ್‌ಬಿಎಸ್‌ಡಿಯಲ್ಲಿ ಝಡ್‌ಎಫ್‌ಎಸ್ ಇಲ್ಲ. ಅಲ್ಲಿ ಮೆಗಾರೇಡ್ ಕಾರ್ಡುಗಳಿಗೆ ಎಂಎಫ್‌ಐ, ಎಂಎಫ್‌ಐಐ ಡ್ರೈವರ್‌ಗಳಿವೆ. ಬಯೋಸಿಟಿಎಲ್ ಎಂಬ ಒಂದೇ ಕಮಾಂಡಿನಿಂದ ಅರೇ ಸ್ಥಿತಿ ನೋಡಬಹುದು. ಎರಡು ಡಿಸ್ಕಿನ ಮಿರರ್ ಅಷ್ಟೇ ಬೇಕಿದ್ದರೆ ಅದರ ಸಾಫ್ಟ್‌ರೇಡ್ ಸಾಕು.

ಹೆಜ್ಜೆ 3: ಬ್ರ್ಯಾಂಡ್ ಬಿಡಿ, ಚಿಪ್ ಹಿಡಿಯಿರಿ

ಡೆಲ್ ಎಚ್310, ಡೆಲ್ ಎಚ್200, ಐಬಿಎಂ ಎಂ1015, ಎಲ್‌ಎಸ್‌ಐ 9211-8ಐ. ನಾಲ್ಕು ಹೆಸರು, ಸ್ಟಿಕ್ಕರ್ ಬೇರೆ, ಬೆಲೆ ಬೇರೆ. ಒಳಗೆ ಇರುವುದು ಒಂದೇ ಚಿಪ್: ಎಲ್‌ಎಸ್‌ಐ ಸಾಸ್2008. ಸಾಸ್ ಅಂದರೆ ಸರ್ವರ್ ಡಿಸ್ಕುಗಳನ್ನು ಜೋಡಿಸುವ ಪದ್ಧತಿ. ಡ್ರೈವರ್ ಮಾತಾಡುವುದು ಚಿಪ್ ಜೊತೆ. ಹಾಗಾಗಿ ಕಾರ್ಡ್ ಹೆಸರು ಹೇಳಿದ ತಕ್ಷಣ ನಿಮ್ಮ ಮನಸ್ಸಿಗೆ ಬರಬೇಕಾದ ಪ್ರಶ್ನೆ ‘ಚಿಪ್ ಯಾವುದು’ ಅಂತ.

ಕಂಪನಿಯ ಹೆಸರಿನ ಗೊಂದಲವನ್ನೂ ಇಲ್ಲೇ ಬಗೆಹರಿಸಿಬಿಡೋಣ. ಎಲ್‌ಎಸ್‌ಐ ಕಂಪನಿಯನ್ನು 2014ರಲ್ಲಿ ಅವಾಗೊ ಕೊಂಡುಕೊಂಡಿತು. ಅವಾಗೊ 2016ರಲ್ಲಿ ಬ್ರಾಡ್‌ಕಾಮ್ ಕೊಂಡು ಆ ಹೆಸರನ್ನೇ ಇಟ್ಟುಕೊಂಡಿತು. ಆದ್ದರಿಂದ ಮೂರು ಹೆಸರಿನ ಕಾರ್ಡೂ ಒಂದೇ ವಂಶದವು.

ಈಗ ಡ್ರೈವರ್. ಲಿನಕ್ಸ್‌ನಲ್ಲಿ ಈ ವಂಶದ 6 ಗಿಗಾಬಿಟ್ ಮತ್ತು 12 ಗಿಗಾಬಿಟ್ ಎಚ್‌ಬಿಎಗಳಿಗೆಲ್ಲ ಎಂಪಿಟಿ3ಸಾಸ್. ಫ್ರೀಬಿಎಸ್‌ಡಿಯಲ್ಲಿ 6 ಗಿಗಾಬಿಟ್ ಚಿಪ್ಪಿಗೆ ಎಂಪಿಎಸ್, 12 ಗಿಗಾಬಿಟ್ ಚಿಪ್ಪಿಗೆ ಎಂಪಿಆರ್. ಓಪನ್‌ಬಿಎಸ್‌ಡಿಯಲ್ಲಿ ಎರಡಕ್ಕೂ ಎಂಪಿಐಐ. ಇವೆಲ್ಲ ಆಯಾ ಸಿಸ್ಟಮ್ಮಿನ ಕರ್ನಲ್ (ಅದರ ತಿರುಳು) ಜೊತೆಗೇ ಬರುತ್ತವೆ, ಎಲ್ಲಿಂದಲೋ ಡೌನ್‌ಲೋಡ್ ಮಾಡುವ ಕೆಲಸ ಇಲ್ಲ. ಕಾರ್ಡ್ ತಯಾರಕರ ಡ್ರೈವರ್ ಡೌನ್‌ಲೋಡ್ ಮಾಡಿ ಕಂಪೈಲ್ ಮಾಡಬೇಕು ಅಂತ ಎಲ್ಲಾದರೂ ಬರೆದಿದ್ದರೆ ಆ ಕಾರ್ಡನ್ನು ಅಲ್ಲಿಗೇ ಬಿಡಿ. ಇವತ್ತಿನ ಕರ್ನಲ್‌ಗೆ ಕಂಪೈಲ್ ಆಗಿದ್ದು ಎರಡು ವರ್ಷದ ಮೇಲೆ ಬರುವ ಕರ್ನಲ್‌ಗೆ ಆಗುತ್ತದೆ ಅಂತ ಯಾವ ಭರವಸೆಯೂ ಇಲ್ಲ.

ತಯಾರಕರು ದಾಖಲೆ ಕೊಡದೆ ಬಾಗಿಲು ಹಾಕಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ 2005ರ ಒಂದು ಪ್ರಸಂಗ ಇದೆ. ಅಡಾಪ್ಟೆಕ್ ತನ್ನ ರೇಡ್ ಕಾರ್ಡುಗಳನ್ನು ನಿರ್ವಹಿಸಲು ಬೇಕಾದ ದಾಖಲೆಗಳನ್ನು ಕೊಡಲಿಲ್ಲ ಅಂತ ಓಪನ್‌ಬಿಎಸ್‌ಡಿ ತಂಡ ಆ ಕಾರ್ಡುಗಳ ಎಎಸಿ ಡ್ರೈವರನ್ನು ತನ್ನ ಮಾಮೂಲಿ ಕರ್ನಲ್‌ನಿಂದ ತೆಗೆದುಹಾಕಿತು. ಒಂದು ಡಿಸ್ಕ್ ಸತ್ತದ್ದೂ ಗೊತ್ತಾಗದ ರೇಡ್ ಇದ್ದೂ ಏನು ಪ್ರಯೋಜನ, ಅದು ಅವರ ವಾದ. ಕಠಿಣ ನಿರ್ಧಾರ, ಆದರೆ ನನಗೆ ಇವತ್ತಿಗೂ ಸರಿ ಅನಿಸುತ್ತದೆ.

ಡ್ರೈವರ್ ಇದ್ದ ಮಾತ್ರಕ್ಕೆ ನಿಮ್ಮ ಡಿಸ್ಟ್ರೋದಲ್ಲೂ (ನೀವು ಹಾಕಿಕೊಂಡ ಲಿನಕ್ಸ್ ಬಗೆಯಲ್ಲೂ) ಇದೆ ಅಂತ ಅಂದುಕೊಳ್ಳಬೇಡಿ. ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಎಂಪಿಟಿ3ಸಾಸ್ ಡ್ರೈವರ್ ಇತ್ತು, ಆದರೆ ಸಾಸ್2008 ಸೇರಿ ಹಲವು ಹಳೇ ಚಿಪ್ಪುಗಳ ಐಡಿಯನ್ನು ಅದರ ಪಟ್ಟಿಯಿಂದ ತೆಗೆದಿದ್ದರು. ಕಾರ್ಡ್ ಸರಿ ಇದೆ, ಡ್ರೈವರ್ ಇದೆ, ಡಿಸ್ಕ್ ಮಾತ್ರ ಕಾಣುವುದಿಲ್ಲ. ಇಎಲ್‌ರೆಪೊ ಎಂಬ ಭಂಡಾರದವರು ಅದಕ್ಕೆ ಬೇರೆ ಮಾಡ್ಯೂಲ್ ಕೊಟ್ಟರು. ಆಮೇಲೆ ರೆಡ್‌ಹ್ಯಾಟ್ ಆಧಾರದ ಆಲ್ಮಾಲಿನಕ್ಸ್ 9.4ರಲ್ಲಿ ಇಂಥ ಹಳೇ ಸಾಧನಗಳನ್ನು ಮತ್ತೆ ಸೇರಿಸಿಕೊಂಡರು. ಡೆಬಿಯನ್, ಉಬುಂಟು ಬಳಸುವವರಿಗೆ ಈ ರಗಳೆ ಇಲ್ಲ.

ಚಿಪ್ ಖಚಿತ ಮಾಡಿಕೊಳ್ಳಲು ಐಡಿ ನೋಡಿ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’, ಫ್ರೀಬಿಎಸ್‌ಡಿಯಲ್ಲಿ ‘ಪಿಸಿಐಕಾನ್ಫ್ -ಎಲ್‌ವಿ’. ಲಿನಕ್ಸ್‌ನಲ್ಲಿ 1000:0072 ಅಂತ ಬಂದರೆ ಸಾಸ್2008. 1000:0087 ಅಂದರೆ ಸಾಸ್2308. 1000:0097 ಅಂದರೆ ಸಾಸ್3008. ಮೊದಲ 1000 ಎಲ್‌ಎಸ್‌ಐ ಕಂಪನಿಯ ಗುರುತು. ಅದೇ ಕಮಾಂಡ್ ಯಾವ ಡ್ರೈವರ್ ಹಿಡಿದಿದೆ ಅಂತಲೂ ಹೇಳುತ್ತದೆ.

ಹೆಜ್ಜೆ 4: ಲೇನ್ ಲೆಕ್ಕ

ಕಾರ್ಡ್ ಕೂರುವ ಪಿಸಿಐಇ ಸ್ಲಾಟಿನಲ್ಲಿ ಡೇಟಾ ಓಡುವ ದಾರಿಗೆ ಲೇನ್ ಅನ್ನುತ್ತಾರೆ. ಪಿಸಿಐಇ 2.0ರ ಒಂದು ಲೇನ್ ಸೆಕೆಂಡಿಗೆ 500 ಎಂಬಿ, 3.0ರ ಒಂದು ಲೇನ್ ಸುಮಾರು 985 ಎಂಬಿ ಸಾಗಿಸುತ್ತದೆ. ಕೈಗೆ ಸಿಗುವುದು ಇದಕ್ಕಿಂತ ಸ್ವಲ್ಪ ಕಡಿಮೆ. ಈಗಿನ ದೊಡ್ಡ ಹಾರ್ಡ್‌ಡಿಸ್ಕ್ ಒಂದೇ ಸಮ ಓದುವಾಗ 200ರಿಂದ 280 ಎಂಬಿ ಕೊಡುತ್ತದೆ.

ಮಾರ್ವೆಲ್ 9215 ಚಿಪ್ಪಿನ 4 ಪೋರ್ಟ್ ಕಾರ್ಡ್ ನೋಡಿ. ಅದಕ್ಕೆ 2.0ರ ಒಂದೇ ಲೇನ್. ನಾಲ್ಕೂ ಡಿಸ್ಕ್ ಒಟ್ಟಿಗೆ ಓದಿದರೆ ಒಂದೊಂದಕ್ಕೆ 100 ಎಂಬಿ ಸಿಕ್ಕರೆ ದೊಡ್ಡದು. ‘ನನ್ನ ನೆಟ್‌ವರ್ಕೇ ಒಂದು ಗಿಗಾಬಿಟ್, ಅದು 110 ಎಂಬಿ ದಾಟಲ್ಲ, ಸಾಕಲ್ವಾ’ ಅಂತ ಕೇಳಬಹುದು. ಫೈಲ್ ಕಾಪಿಗೆ ಸಾಕು. ಆದರೆ ಒಂದು ಡಿಸ್ಕ್ ಸತ್ತು ಹೊಸದು ಹಾಕಿದ ದಿನ ಉಳಿದ ಎಲ್ಲ ಡಿಸ್ಕುಗಳೂ ಒಟ್ಟಿಗೆ, ಪೂರ್ತಿ ವೇಗದಲ್ಲಿ ಓದಬೇಕು. ಆ ರೀಸಿಲ್ವರ್ (ಹೊಸ ಡಿಸ್ಕಿಗೆ ಡೇಟಾ ಮತ್ತೆ ತುಂಬುವ ಕೆಲಸ) ಒಂದು ದಿನದಲ್ಲಿ ಮುಗಿಯುತ್ತದೋ ಎರಡೂವರೆ ದಿನ ಎಳೆಯುತ್ತದೋ ಅನ್ನುವುದು ಈ ಲೇನ್ ಮೇಲೆ ನಿಂತಿದೆ. ಅಷ್ಟು ಹೊತ್ತೂ ನಿಮ್ಮ ಡೇಟಾಗೆ ರಕ್ಷಣೆ ಕಡಿಮೆ.

ಸ್ಲಾಟನ್ನೂ ನೋಡಿ. ಉದ್ದ 16 ಲೇನಿನದು, ಒಳಗೆ ವೈರಿಂಗ್ 4 ಲೇನಿನದು ಅನ್ನುವ ಬೋರ್ಡುಗಳು ಬೇಕಾದಷ್ಟಿವೆ. ಸಾಸ್2008 ಕಾರ್ಡಿಗೆ 2.0ರ 8 ಲೇನ್ ಬೇಕು. 4 ಲೇನ್ ಸಿಕ್ಕರೂ ಓಡುತ್ತದೆ, ಒಟ್ಟು 2 ಜಿಬಿ, ಎಂಟು ಹಾರ್ಡ್‌ಡಿಸ್ಕಿಗೆ ಅದು ಪರವಾಗಿಲ್ಲ. ಕಾರ್ಡ್ ಹಾಕಿದ ಮೇಲೆ ಎಲ್‌ಎಸ್‌ಪಿಸಿಐಗೆ ‘-ವಿವಿ’ ಕೊಟ್ಟು ಲಿಂಕ್ ಕೆಪಾಸಿಟಿ, ಲಿಂಕ್ ಸ್ಟೇಟಸ್ ಎರಡೂ ಸಾಲು ಹೋಲಿಸಿ. 8 ಇರಬೇಕಾದ ಜಾಗದಲ್ಲಿ 1 ಅಂತ ಬಂದರೆ ಸ್ಲಾಟ್ ತಪ್ಪು, ಇಲ್ಲವೇ ಕಾರ್ಡ್ ಸರಿಯಾಗಿ ಕೂತಿಲ್ಲ. ಬಂಗಾರದ ಕಾಲುಗಳನ್ನು ಒಂದು ಸಲ ಐಸೊಪ್ರೊಪೈಲ್‌ನಲ್ಲಿ ಒರೆಸಿ ಮತ್ತೆ ಕೂರಿಸಿ.

ಹೆಜ್ಜೆ 5: ನಿಮಗೆ ಯಾವುದು

ಇನ್ನು 4ರಿಂದ 6 ಪೋರ್ಟ್ ಅಷ್ಟೇ ಬೇಕು, ಎಲ್ಲವೂ ಸಾಟಾ ಡಿಸ್ಕ್ ಅಂದರೆ ಸಣ್ಣ ಎಎಚ್‌ಸಿಐ ಕಾರ್ಡ್ ಸಾಕು. ಎಎಸ್‌ಮೀಡಿಯಾದ ಎಎಸ್‌ಎಂ1166ರಲ್ಲಿ 6 ಪೋರ್ಟ್, 3.0ರ 2 ಲೇನ್. ಜೆಮೈಕ್ರಾನ್‌ನ ಜೆಎಂಬಿ585ರಲ್ಲಿ 5 ಪೋರ್ಟ್, ಅದಕ್ಕೂ 2 ಲೇನ್. ಎಎಸ್‌ಎಂ1064ರಲ್ಲಿ 4 ಪೋರ್ಟ್, 1 ಲೇನ್. ಮೂರೂ ಹೊಸದಾಗಿಯೇ ಸಿಗುತ್ತವೆ, ಕರೆಂಟ್ ಕಡಿಮೆ, ಬಿಸಿಯೂ ಕಡಿಮೆ. ‘10 ಪೋರ್ಟ್’, ‘20 ಪೋರ್ಟ್’ ಅಂತ ಬರೆದ ಅಗ್ಗದ ಕಾರ್ಡುಗಳನ್ನು ಮಾತ್ರ ಮುಟ್ಟಬೇಡಿ. ಅವುಗಳಲ್ಲಿ ಬಹುಪಾಲು ಒಂದು ಸಣ್ಣ ಚಿಪ್ಪಿನ ಮುಂದೆ ಪೋರ್ಟ್ ಮಲ್ಟಿಪ್ಲೈಯರ್ ಹಾಕಿ ಪೋರ್ಟ್ ಹೆಚ್ಚಿಸಿದಂಥವು. ಒಂದು ಡಿಸ್ಕ್ ತೊದಲಿದರೆ ಅದೇ ಮಲ್ಟಿಪ್ಲೈಯರ್ ಮೇಲಿನ ಎಲ್ಲ ಡಿಸ್ಕ್ ರೀಸೆಟ್ ಆಗಬಹುದು.

8 ಡಿಸ್ಕ್ ಅಥವಾ ಅದಕ್ಕಿಂತ ಜಾಸ್ತಿ, ಅಥವಾ ಸಾಸ್ ಡಿಸ್ಕ್ ಅಂದರೆ ಎಲ್‌ಎಸ್‌ಐ ವಂಶದ ಎಚ್‌ಬಿಎ. ಸಾಸ್ ಕಾರ್ಡಿಗೆ ಸಾಟಾ ಡಿಸ್ಕ್ ಹಾಕಬಹುದು, ಸಾಟಾ ಪೋರ್ಟಿಗೆ ಸಾಸ್ ಡಿಸ್ಕ್ ಆಗುವುದಿಲ್ಲ. ಇದು ನೆನಪಿರಲಿ.

ಬಜೆಟ್ ಬಿಗಿ ಇದ್ದರೆ ಸಾಸ್2008. ಸ್ವಲ್ಪ ಸಡಿಲ ಇದ್ದರೆ ಸಾಸ್2308 ಇರುವ 9207-8ಐ. ಇದು ಪಿಸಿಐಇ 3.0, ಮೊದಲಿನಿಂದಲೂ ಎಚ್‌ಬಿಎ ಆಗಿಯೇ ಬಂದದ್ದು. ನನ್ನ ಒಲವು ಸಾಸ್3008ರ ಕಡೆ: 9300-8ಐ ಅಥವಾ ಡೆಲ್ ಎಚ್‌ಬಿಎ330. 12 ಗಿಗಾಬಿಟ್ ವೇಗ ಹಾರ್ಡ್‌ಡಿಸ್ಕಿಗೆ ಬೇಕಾಗಿಲ್ಲ, ನಿಜ. ಆದರೆ ಡ್ರೈವರ್ ಬೆಂಬಲ ಹಳೇದಕ್ಕಿಂತ ಜಾಸ್ತಿ ವರ್ಷ ಉಳಿಯುತ್ತದೆ. ರೆಡ್‌ಹ್ಯಾಟ್ ಕಥೆ ನೋಡಿದಿರಲ್ಲ. 16 ಪೋರ್ಟ್ ಬೇಕಿದ್ದರೆ 9300-16ಐಗಿಂತ 9305-16ಐ ವಾಸಿ. ಮೊದಲನೆಯದರಲ್ಲಿ ಒಂದೇ ಕಾರ್ಡಿನ ಮೇಲೆ ಎರಡು ಸಾಸ್3008 ಚಿಪ್ ಕೂತಿವೆ, ಕಾವು ಜಾಸ್ತಿ.

ಸಾಸ್1068ಇ ಚಿಪ್ಪಿನ ಕಾರ್ಡುಗಳು ಇನ್ನೂ ಅಲ್ಲಲ್ಲಿ ಪುಕ್ಕಟೆಗೆ ಎಂಬಂತೆ ಸಿಗುತ್ತವೆ. ಅವು 2 ಟೆರಾಬೈಟ್‌ಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ನೋಡಲಾರವು. ಬೇಡ.

ಸಾಟಾ ಎಸ್‌ಎಸ್‌ಡಿಗಳನ್ನು ಬೋರ್ಡಿನ ಪೋರ್ಟಿಗೇ ಹಾಕಿ. ಎಲ್‌ಎಸ್‌ಐ ಕಾರ್ಡಿನಲ್ಲಿ ಟ್ರಿಮ್ (ಯಾವ ಜಾಗ ಖಾಲಿಯಾಯಿತು ಅಂತ ಎಸ್‌ಎಸ್‌ಡಿಗೆ ತಿಳಿಸುವುದು) ಕೆಲಸ ಮಾಡಲು, ಅಳಿಸಿದ ಜಾಗ ಓದಿದರೆ ಖಂಡಿತ ಸೊನ್ನೆಯೇ ಬರುತ್ತದೆ ಅಂತ ಎಸ್‌ಎಸ್‌ಡಿ ಹೇಳಿಕೊಳ್ಳಬೇಕು. ಅಗ್ಗದ ಎಸ್‌ಎಸ್‌ಡಿಗಳು ಹಾಗೆ ಹೇಳುವುದಿಲ್ಲ. ನೇರ ಪಿಸಿಐಇಗೆ ಸೇರುವ ಎನ್‌ವಿಎಂಇ ಡಿಸ್ಕಿಗೆ ಕಂಟ್ರೋಲರ್ ಅದರೊಳಗೇ ಇದೆ. ನಾಲ್ಕು ಎಂ.2 ಹಿಡಿಯುವ ಅಡಾಪ್ಟರ್ ಕೊಳ್ಳುವ ಮುಂಚೆ ಬಯೋಸ್‌ನಲ್ಲಿ ಬೈಫರ್ಕೇಶನ್ (ಒಂದು ಸ್ಲಾಟಿನ ಲೇನ್‌ಗಳನ್ನು ಹಂಚುವ) ಆಯ್ಕೆ ಇದೆಯಾ ಅಂತ ಮಾತ್ರ ನೋಡಿ. ಇಲ್ಲದಿದ್ದರೆ ನಾಲ್ಕರಲ್ಲಿ ಒಂದೇ ಕಾಣಿಸುತ್ತದೆ.

ಹೆಜ್ಜೆ 6: ಎಸ್.ಪಿ. ರೋಡಿನಲ್ಲಿ ಕೊಳ್ಳುವುದು

ಸಾದರ ಪತ್ರಪ್ಪ ರಸ್ತೆಗೆ ಮೆಟ್ರೋದಲ್ಲಿ ಬಂದರೆ ಚಿಕ್ಕಪೇಟೆ ಅಥವಾ ಕೃಷ್ಣರಾಜ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಗಾಡಿ ತರಬೇಡಿ, ಪಾರ್ಕಿಂಗ್‌ಗೇ ಅರ್ಧ ದಿನ ಹೋಗುತ್ತದೆ. ಮುಂದಿನ ಸಾಲಿನ ಅಂಗಡಿಗಳಲ್ಲಿ ಹೊಸ ಸಾಮಾನು. ಕಂಪನಿಗಳು ತೆಗೆದುಹಾಕಿದ ಸರ್ವರ್‌ಗಳನ್ನು ಬಿಚ್ಚಿ ಮಾರುವವರು ಒಳಗಿನ ಸಂದುಗಳಲ್ಲಿ, ಮಹಡಿ ಮೇಲೆ ಇರುತ್ತಾರೆ.

ಅಲ್ಲಿ ಮಾತು ಹೀಗೆ ಶುರುವಾಗುತ್ತದೆ:

‘ಅಣ್ಣ, ಎಂಟು ಪೋರ್ಟಿನ ಎಚ್‌ಬಿಎ ಕಾರ್ಡ್ ಇದೆಯಾ?’

‘ರೇಡ್ ಕಾರ್ಡಾ ಸಾರ್? ಇದೆ, ಸರ್ವರ್‌ದು. ಎಲ್ಲದಕ್ಕೂ ಆಗುತ್ತೆ.’

‘ಚಿಪ್ ಯಾವುದು ಅಂತ ನೋಡಬಹುದಾ? ಒಂದು ಸಲ ಹಿಂದೆ ತಿರುಗಿಸಿ ತೋರಿಸಿ.’

ಹೀಟ್‌ಸಿಂಕ್ ಕೆಳಗೆ ಚಿಪ್ ಕಾಣುವುದಿಲ್ಲ. ಆದರೆ ಹಿಂಬದಿಯ ಬಿಳಿ ಸ್ಟಿಕ್ಕರ್‌ನಲ್ಲಿ ಪಾರ್ಟ್ ನಂಬರ್ ಇರುತ್ತದೆ. ಅಲ್ಲೇ ನಿಂತು ಫೋನಿನಲ್ಲಿ ಹುಡುಕಿದರೆ ಯಾವ ಚಿಪ್ ಅಂತ ಸಿಗುತ್ತದೆ. ಅದೇ ಸ್ಟಿಕ್ಕರ್‌ನಲ್ಲಿ ಅಥವಾ ಪಕ್ಕದಲ್ಲಿ ಸಾಸ್ ವಿಳಾಸ ಎಂಬ ಉದ್ದ ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ 500ರಿಂದ ಶುರು. ಫೋಟೋ ತೆಗೆದಿಟ್ಟುಕೊಳ್ಳಿ, ಮುಂದಿನ ಹೆಜ್ಜೆಯಲ್ಲಿ ಬೇಕು. ಕಾರ್ಡಿನ ಕಾಲುಗಳ ಹತ್ತಿರ ಇರುವ ಸಣ್ಣ ಕೆಪಾಸಿಟರ್‌ಗಳಲ್ಲಿ ಯಾವುದಾದರೂ ಕಿತ್ತು ಹೋಗಿದೆಯಾ ನೋಡಿ. ಚೀಲದಲ್ಲಿ ಒಂದರ ಮೇಲೊಂದು ಸುರಿದಿಟ್ಟ ಕಾರ್ಡುಗಳಲ್ಲಿ ಇದು ಮಾಮೂಲು. ಬ್ರ್ಯಾಕೆಟ್ ನಿಮ್ಮ ಕ್ಯಾಬಿನೆಟ್ಟಿಗೆ ಸರಿಹೋಗುವ ಎತ್ತರದ್ದಾ, ಅದನ್ನೂ ಕೇಳಿ. ಗಿಡ್ಡ ಬ್ರ್ಯಾಕೆಟ್ಟಿನ ಕಾರ್ಡ್ ತಂದು ಸ್ಕ್ರೂ ಹಾಕದೆ ನೇತಾಡಿಸುವುದು ಒಳ್ಳೆಯದಲ್ಲ.

‘ಟೆಸ್ಟಿಂಗ್ ವಾರಂಟಿ’ ಎಷ್ಟು ದಿನ ಅಂತ ಬಾಯಲ್ಲಿ ಕೇಳಿದರೆ ಸಾಲದು, ಬಿಲ್ಲಿನ ಮೇಲೆ ಬರೆಸಿ. ಹೊಚ್ಚಹೊಸ ಡಬ್ಬಿ, ಎಲ್‌ಎಸ್‌ಐ ಲೋಗೋ, ಬೆಲೆ ಮಾತ್ರ ಹಳೇ ಕಾರ್ಡಿನಷ್ಟು ಅಂದರೆ ಅನುಮಾನ ಪಡಿ. ನಕಲಿ 9211ಗಳು ಬೇಕಾದಷ್ಟು ಓಡಾಡುತ್ತಿವೆ. ಸರ್ವರ್‌ನಿಂದ ಬಿಚ್ಚಿದ, ಧೂಳು ಹಿಡಿದ ಡೆಲ್ ಕಾರ್ಡ್ ಅದಕ್ಕಿಂತ ನಂಬಿಕಸ್ತ.

ಅಲ್ಲೇ ಅಗ್ಗಕ್ಕೆ ಸಾಸ್ ಡಿಸ್ಕೂ ಸಿಗುತ್ತವೆ. ದೊಡ್ಡ ಸ್ಟೋರೇಜ್ ಅರೇಗಳಿಂದ ಬಂದವುಗಳಲ್ಲಿ ಕೆಲವು 520 ಬೈಟ್ ಸೆಕ್ಟರ್‌ನಲ್ಲಿ ಫಾರ್ಮ್ಯಾಟ್ ಆಗಿರುತ್ತವೆ. ಲಿನಕ್ಸ್‌ಗೆ ಡಿಸ್ಕ್ ಕಾಣುತ್ತದೆ, ಬಳಸಲು ಆಗುವುದಿಲ್ಲ. ‘ಎಸ್‌ಜಿ_ಫಾರ್ಮ್ಯಾಟ್’ ಕಮಾಂಡಿನಿಂದ 512ಕ್ಕೆ ಬದಲಾಯಿಸಬಹುದು. ಡಿಸ್ಕಿಗೊಂದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ನಿಲ್ಲಿಸಬಾರದು.

ಹೆಜ್ಜೆ 7: ಐಟಿ ಮೋಡ್‌ಗೆ ತರುವುದು

ಎಲ್‌ಎಸ್‌ಐ ಕಾರ್ಡಿಗೆ ಎರಡು ಬಗೆಯ ಫರ್ಮ್‌ವೇರ್ (ಕಾರ್ಡಿನೊಳಗಿನ ಪ್ರೋಗ್ರಾಂ) ಇರುತ್ತದೆ. ಐಆರ್ ಅಂದರೆ ರೇಡ್ ಇರುವುದು, ಐಟಿ ಅಂದರೆ ಡಿಸ್ಕನ್ನು ನೇರವಾಗಿ ದಾಟಿಸುವುದು. ನಮಗೆ ಐಟಿ ಬೇಕು. 6 ಗಿಗಾಬಿಟ್ಟಿನ ಸಾಸ್2 ಕಾರ್ಡಿಗೆ ‘ಸಾಸ್2ಫ್ಲ್ಯಾಶ್’, 12 ಗಿಗಾಬಿಟ್ಟಿನ ಸಾಸ್3ಕ್ಕೆ ‘ಸಾಸ್3ಫ್ಲ್ಯಾಶ್’ ಎಂಬ ಟೂಲ್ ಇದೆ. ಅದಕ್ಕೆ ‘-ಲಿಸ್ಟ್’ ಕೊಟ್ಟರೆ ಫರ್ಮ್‌ವೇರ್ ಐಡಿ ಪಕ್ಕದಲ್ಲಿ ಐಟಿ ಅಥವಾ ಐಆರ್ ಅಂತ ಬರುತ್ತದೆ.

ಡೆಲ್ ಎಚ್310ನ್ನು ಮನೆಯ ಬೋರ್ಡಿಗೆ ಹಾಕಿದರೆ ಕೆಲವು ಸಲ ಮಷಿನ್ ಬೂಟೇ ಆಗುವುದಿಲ್ಲ, ಸ್ಕ್ರೀನ್ ಕಪ್ಪು. ಕಾರ್ಡ್ ಕೆಟ್ಟಿದೆ ಅಂತ ವಾಪಸ್ ಕೊಡಲು ಓಡಬೇಡಿ. ಕಾರ್ಡಿನ ಕೆಳಗಿನ ಬಂಗಾರದ ಕಾಲುಗಳಲ್ಲಿ ಬಿ5, ಬಿ6 ಎಂಬ ಎರಡು ಇವೆ. ಅವು ಎಸ್‌ಎಂಬಸ್ ಗೆರೆಗಳು, ಡೆಲ್ ಸರ್ವರ್‌ನಲ್ಲಿ ಬೋರ್ಡಿನ ಜೊತೆ ಮಾತಾಡಲು ಇರುವಂಥವು. ಕೆಲವು ಬೋರ್ಡುಗಳಲ್ಲಿ ಇವೇ ರ್ಯಾಮ್ ಗುರುತಿಸುವ ಕೆಲಸಕ್ಕೆ ಅಡ್ಡ ಬರುತ್ತವೆ. ಬಿ ಬದಿ ಅಂದರೆ ಚಿಪ್ಪುಗಳು ಕೂತಿರುವ ಬದಿ. ಬ್ರ್ಯಾಕೆಟ್ ಕಡೆಯ ತುದಿಯಿಂದ ಎಣಿಸಿ, 5 ಮತ್ತು 6ನೇ ಕಾಲಿನ ಮೇಲೆ ತೆಳ್ಳಗಿನ ಕ್ಯಾಪ್ಟನ್ (ಕರೆಂಟ್ ಹರಿಸದ, ಕಾವು ತಾಳುವ) ಟೇಪ್ ಒಂದು ಚೂರು ಅಂಟಿಸಿ. ಅಗಲ ಎರಡು ಕಾಲಿನಷ್ಟೇ ಇರಲಿ, ಪಕ್ಕದ ಕಾಲು ಮುಚ್ಚಬಾರದು. ಉಗುರಿನಿಂದ ಒತ್ತಿ ನುಣುಪು ಮಾಡಿ, ಇಲ್ಲದಿದ್ದರೆ ಸ್ಲಾಟಿಗೆ ಹೋಗುವಾಗ ಸುರುಳಿಯಾಗಿ ಕಿತ್ತುಬರುತ್ತದೆ. ಇಷ್ಟು ಮಾಡಿದರೆ ಅದೇ ಕಾರ್ಡ್ ಅದೇ ಬೋರ್ಡಿನಲ್ಲಿ ಸಲೀಸಾಗಿ ಏಳುತ್ತದೆ.

ಎಚ್310ಗೆ ಐಟಿ ಫರ್ಮ್‌ವೇರ್ ಹಾಕಲು ಇನ್ನೊಂದು ಕಾರಣವೂ ಇದೆ. ಡೆಲ್‌ನ ಮೂಲ ಫರ್ಮ್‌ವೇರ್‌ನಲ್ಲಿ ಅದರ ಕ್ಯೂ ಡೆಪ್ತ್ ಬರೀ 25. ಒಂದೇ ಸಲ ಅಷ್ಟು ಕೋರಿಕೆ ಮಾತ್ರ ಹಿಡಿಯುತ್ತದೆ. ಐಟಿಗೆ ಬದಲಾದರೆ ಅದು 600 ಆಗುತ್ತದೆ.

ಫ್ಲ್ಯಾಶ್ ಮಾಡುವ ಕ್ರಮ ಇಷ್ಟೇ. ಡಿಸ್ಕುಗಳನ್ನೆಲ್ಲ ಬಿಚ್ಚಿಡಿ. ಮಷಿನ್ನನ್ನು ಯುಪಿಎಸ್‌ಗೆ ಹಾಕಿ. ಹಳೇ ಫರ್ಮ್‌ವೇರ್ ಅಳಿಸಿ, ಹೊಸದು ಬರೆದು, ಫೋಟೋದಲ್ಲಿದ್ದ ಸಾಸ್ ವಿಳಾಸ ಮತ್ತೆ ಹಾಕಿ. ಅಳಿಸಿದ ಮೇಲೆ ಹೊಸದು ಬರೆಯುವ ತನಕ ಯಾವ ಕಾರಣಕ್ಕೂ ರೀಬೂಟ್ ಮಾಡಬೇಡಿ. ಆ ನಡುವೆ ಕರೆಂಟ್ ಹೋದರೆ ಕಾರ್ಡ್ ಏಳದೇ ಹೋಗಬಹುದು, ಅದಕ್ಕೇ ಯುಪಿಎಸ್ ಅಂದದ್ದು. ಸಾಸ್2ಕ್ಕೆ 20.00.07.00 ಆವೃತ್ತಿ ಹಾಕಿ. ಅದೇ 20ನೇ ಸಾಲಿನ ಮೊದಲ ಆವೃತ್ತಿ 20.00.00.00ರಲ್ಲಿ ದೋಷಗಳಿದ್ದವು, ಕೊನೆಯ ಅಂಕಿಗಳನ್ನೂ ಗಮನಿಸಿ. 9300 ಸಾಲಿಗೆ 16.00.12.00. ಈ ಕಾರ್ಡಿನ ಡಿಸ್ಕಿನಿಂದ ಬೂಟ್ ಮಾಡುವುದಿಲ್ಲ ಅಂದರೆ ಬೂಟ್ ರಾಮ್ (ಬೂಟ್ ಆಗುವಾಗ ಓಡುವ ಕಾರ್ಡಿನ ಪ್ರೋಗ್ರಾಂ) ಭಾಗ ಹಾಕದೆ ಬಿಡಿ, ಮಷಿನ್ ಏಳುವ ಹೊತ್ತು ಕಡಿಮೆಯಾಗುತ್ತದೆ.

ಹೆಜ್ಜೆ 8: ಕೇಬಲ್, ಕರೆಂಟ್, ಕಾವು

ಸಾಸ್2 ಕಾರ್ಡಿನ ಕನೆಕ್ಟರ್ ಎಸ್‌ಎಫ್‌ಎಫ್-8087, ಸಾಸ್3ರದು ಎಸ್‌ಎಫ್‌ಎಫ್-8643. ಒಂದು ತುದಿಯಲ್ಲಿ ಇದು, ಇನ್ನೊಂದು ತುದಿಯಲ್ಲಿ ನಾಲ್ಕು ಸಾಟಾ ಇರುವ ಕೇಬಲ್ ಬೇಕು. ‘ಫಾರ್ವರ್ಡ್ ಬ್ರೇಕ್‌ಔಟ್’ ಅಂತ ಕೇಳಿ. ‘ರಿವರ್ಸ್ ಬ್ರೇಕ್‌ಔಟ್’ ನೋಡಲು ಪಡಿಯಚ್ಚು ಹಾಗೇ ಇರುತ್ತದೆ, ಆದರೆ ಬೋರ್ಡಿನ ಸಾಟಾ ಪೋರ್ಟುಗಳನ್ನು ಸರ್ವರ್ ಬ್ಯಾಕ್‌ಪ್ಲೇನ್‌ಗೆ (ಡಿಸ್ಕುಗಳು ಕೂರುವ ಬೋರ್ಡಿಗೆ) ಸೇರಿಸುವಂಥದ್ದು. ಅದರಲ್ಲಿ ಒಂದು ಡಿಸ್ಕೂ ಕಾಣುವುದಿಲ್ಲ.

3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎಂಟು ಡಿಸ್ಕ್ ಅಂದರೆ ಆ ಕೆಲವು ಸೆಕೆಂಡು ಬರೀ ಡಿಸ್ಕಿಗೇ 190 ವ್ಯಾಟ್. ಒಂದೇ ತಂತಿಯಿಂದ ಅಷ್ಟಕ್ಕೂ ಕವಲು ತೆಗೆಯಬೇಡಿ. ಮೊಲೆಕ್ಸ್‌ನಿಂದ ಸಾಟಾಗೆ ಬದಲಾಯಿಸುವ, ಅಚ್ಚು ಹಾಕಿ ಮುಚ್ಚಿದ ಅಗ್ಗದ ಅಡಾಪ್ಟರ್‌ಗಳು ಒಳಗೇ ಶಾರ್ಟ್ ಆಗಿ ಕರಗುತ್ತವೆ. ಹತ್ತಿಕೊಂಡು ಉರಿದದ್ದೂ ಇದೆ. ಇಲ್ಲಿ ಉಳಿತಾಯ ಮಾಡಬೇಡಿ.

ಈ ಎಚ್‌ಬಿಎಗಳು ಸರ್ವರ್‌ಗೆಂದೇ ಹುಟ್ಟಿದವು. ಸರ್ವರ್ ಒಳಗೆ ಗಾಳಿ ಸುಂಟರಗಾಳಿ ಹಾಗೆ ಬೀಸುತ್ತಿರುತ್ತದೆ. ಅದನ್ನು ನಂಬಿಕೊಂಡು ಕಾರ್ಡಿಗೆ ಫ್ಯಾನ್ ಕೊಟ್ಟಿಲ್ಲ, ಬರೀ ಹೀಟ್‌ಸಿಂಕ್ ಇದೆ. ನಮ್ಮ ಮನೆಯ ಟವರ್ ಕ್ಯಾಬಿನೆಟ್ಟಿನಲ್ಲಿ ಆ ಗಾಳಿ ಎಲ್ಲಿ? ಬೆಂಗಳೂರು ತಂಪು ಅನ್ನುವ ಮಾತು ಏಪ್ರಿಲ್‌ನಲ್ಲಿ ನಡೆಯುವುದಿಲ್ಲ, ಹೊರಗೆ 36 ಡಿಗ್ರಿ ಇದ್ದರೆ ಮುಚ್ಚಿದ ಕೋಣೆಯ ಕ್ಯಾಬಿನೆಟ್ಟಿನೊಳಗೆ ಇನ್ನೂ ಜಾಸ್ತಿ. ಹೀಟ್‌ಸಿಂಕ್ ಮೇಲೆ ಒಂದು 40 ಎಂಎಂ ಫ್ಯಾನ್ ಸ್ಕ್ರೂ ಮಾಡಿ, ಅಥವಾ ಪಕ್ಕದಿಂದ ಊದುವ ಹಾಗೆ 92 ಎಂಎಂ ಫ್ಯಾನ್ ಕಟ್ಟಿ. ಹಳೇ ಕಾರ್ಡಾದರೆ ಹೀಟ್‌ಸಿಂಕ್ ಬಿಚ್ಚಿ ಒಣಗಿದ ಪೇಸ್ಟ್ ಕೆರೆದು ಹೊಸದು ಹಚ್ಚಿ. ಹಿಂದೆ ಪ್ಲಾಸ್ಟಿಕ್ ಪಿನ್ ಇರುತ್ತದೆ, ನಿಧಾನವಾಗಿ ಒತ್ತಿದರೆ ಬಿಡುತ್ತದೆ.

ಹೆಜ್ಜೆ 9: ಡೇಟಾ ಹಾಕುವ ಮುಂಚೆ ಸತಾಯಿಸಿ

ಟೆಸ್ಟಿಂಗ್ ವಾರಂಟಿ ಮುಗಿಯುವುದರೊಳಗೆ ಇದು ಆಗಬೇಕು. ಪೂಲ್ ಕಟ್ಟಿ. ಡಿಸ್ಕ್ ಹೆಸರು ‘ಎಸ್‌ಡಿಎ’, ‘ಎಸ್‌ಡಿಬಿ’ ಅಂತ ಕೊಡಬೇಡಿ, ಅವು ಬೂಟಿನಿಂದ ಬೂಟಿಗೆ ಬದಲಾಗುತ್ತವೆ. ‘ಬೈ-ಐಡಿ’ ಫೋಲ್ಡರಿನ ಹೆಸರು ಕೊಡಿ, ಅದರಲ್ಲಿ ಸೀರಿಯಲ್ ನಂಬರ್ ಇರುವುದರಿಂದ ನಾಳೆ ಯಾವ ಡಿಸ್ಕ್ ಕೀಳಬೇಕು ಅಂತ ಗೊತ್ತಾಗುತ್ತದೆ. ಅರ್ಧದಷ್ಟು ತುಂಬುವ ತನಕ ಏನಾದರೂ ಬರೆಯಿರಿ, ಆಮೇಲೆ ಸ್ಕ್ರಬ್ (ಎಲ್ಲ ಡೇಟಾ ಓದಿ ತಾಳೆ ನೋಡುವುದು) ಹಾಕಿ. ಎಲ್ಲ ಡಿಸ್ಕೂ ಒಟ್ಟಿಗೆ ಓಡುವಾಗ ಕಾರ್ಡ್ ಬಿಸಿಯಾಗುತ್ತದೆ, ತೊಂದರೆ ಇದ್ದರೆ ಹೊರಬರುವುದು ಆಗಲೇ. ಬೆಳಿಗ್ಗೆ ಬೇಡ, ಮಧ್ಯಾಹ್ನದ ಬಿಸಿಲಿಗೆ ಹಾಕಿ. ಪಕ್ಕದಲ್ಲಿ ಇನ್ನೊಂದು ವಿಂಡೋದಲ್ಲಿ ಕರ್ನಲ್ ಲಾಗ್ ಓಡುತ್ತಿರಲಿ.

ತಪ್ಪು ಬಂದರೆ ಎಷ್ಟು ಡಿಸ್ಕಿನಲ್ಲಿ ಬಂತು ಅಂತ ಎಣಿಸಿ. ಒಂದೇ ಡಿಸ್ಕ್ ಅಂದರೆ ಆ ಡಿಸ್ಕ್ ಅಥವಾ ಅದರ ಎಳೆ. ಸ್ಮಾರ್ಟ್ ಪಟ್ಟಿಯ 199ನೇ ಸಾಲು, ಸಿಆರ್‌ಸಿ ತಪ್ಪುಗಳದು, ಏರುತ್ತಿದ್ದರೆ ಬಹುತೇಕ ಕೇಬಲ್ಲೇ ಕಾರಣ. ಆ ಸಂಖ್ಯೆ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ, ಕೇಬಲ್ ಬದಲಿಸಿದ ಮೇಲೆ ಏರುವುದು ನಿಂತಿತಾ ಅಂತ ನೋಡಬೇಕು. ಒಂದೇ ಬ್ರೇಕ್‌ಔಟ್ ಕೇಬಲ್ಲಿನ ನಾಲ್ಕೂ ಡಿಸ್ಕ್ ಅಂದರೆ ಆ ಕೇಬಲ್, ಅಥವಾ ಆ ನಾಲ್ಕಕ್ಕೆ ಹೋಗುವ ಪವರ್ ತಂತಿ. ಎಂಟೂ ಒಂದೇ ಕ್ಷಣ ಮಾಯವಾಗಿ, ಲಾಗ್‌ನಲ್ಲಿ ಕಂಟ್ರೋಲರ್ ರೀಸೆಟ್ ಆದ ಸಾಲು ಕಂಡರೆ ಕಾರ್ಡ್. ಮೊದಲು ಫ್ಯಾನ್ ಹಾಕಿ ಮತ್ತೊಮ್ಮೆ ಸ್ಕ್ರಬ್ ಮಾಡಿ. ಆಗಲೂ ಬಂದರೆ ಬೇರೆ ಸ್ಲಾಟ್. ಅಲ್ಲೂ ಬಂದರೆ ಬಿಲ್ ತಗೊಂಡು ಎಸ್.ಪಿ. ರೋಡಿಗೆ.

ಎಲ್ಲ ಸರಿ ಇದ್ದರೆ ಕೊನೆಯದಾಗಿ ಒಂದು ಕೆಲಸ. ಮಷಿನ್ ಆಫ್ ಮಾಡಿ, ಎರಡು ಡಿಸ್ಕುಗಳನ್ನು ಎಚ್‌ಬಿಎಯಿಂದ ಬಿಚ್ಚಿ ಬೋರ್ಡಿನ ಸಾಟಾ ಪೋರ್ಟಿಗೆ ಹಾಕಿ ಆನ್ ಮಾಡಿ. ಪೂಲ್ ಏನೂ ತಕರಾರಿಲ್ಲದೆ ಪೂರ್ತಿ ಎದ್ದು ಬರಬೇಕು. ಬಂದರೆ ನಿಮ್ಮ ಡೇಟಾ ಆ ಕಾರ್ಡಿಗೆ ಕಟ್ಟುಬಿದ್ದಿಲ್ಲ, ನಾಳೆ ಅದು ಸತ್ತರೆ ಯಾವುದೇ ಎಚ್‌ಬಿಎ ತಂದು ಹಾಕಬಹುದು. ಬರಲಿಲ್ಲ ಅಂದರೆ ಕಾರ್ಡ್ ಎಲ್ಲೋ ಇನ್ನೂ ರೇಡ್ ಮೋಡಿನಲ್ಲೇ ಇದೆ. ಡೇಟಾ ಹಾಕುವ ಮುಂಚೆ 7ನೇ ಹೆಜ್ಜೆಗೆ ವಾಪಸ್ ಹೋಗಿ.